ಮಾಳಿಗೆಗೆ ಯಾವ ಟೆಲಿಸ್ಕೋಪು? ಚಂದ್ರ, ಗುರು, ಶನಿ ನೋಡಲು ಹೊರಟವರಿಗೆ

"ಮಾಮಾ, ಡಬ್ಬಿ ಮ್ಯಾಲ 525 ಎಕ್ಸ್ ಅಂತ ಬರದಾರ. ತೊಗೊಳ್ಳೇನು?"

ಸೇಡಂನಿಂದ ತಂಗಿಯ ಮಗ ಫೋನ್ ಮಾಡಿ ಕೇಳಿದ. ಬೇಡ ಎಂದೆ. "ಯಾಕ?" ಎಂದ. ಅದಕ್ಕೆ ಉತ್ತರ ಹೇಳಲು ಹೋಗಿ ಫೋನ್ ಬಿಸಿಯಾಯಿತೇ ಹೊರತು ಮಾತು ಮುಗಿಯಲಿಲ್ಲ. ಅವನಂಥವರು ಇನ್ನೂ ನಾಲ್ಕು ಜನ ಇರುತ್ತಾರೆ, ಅಲ್ವಾ. ಹಾಗಾಗಿ ಬರೆದೇ ಇಡುತ್ತಿದ್ದೇನೆ. ಕಲಬುರಗಿ, ಬೀದರ್, ಯಾದಗಿರಿ ಕಡೆ ಮನೆಯ ಮಾಳಿಗೆ ಮೇಲಿಂದಲೇ ಗ್ರಹಗಳನ್ನು ನೋಡಬೇಕು, ಕೈಯಲ್ಲಿರುವ ದುಡ್ಡು ಅಷ್ಟಕ್ಕಷ್ಟೇ ಎನ್ನುವವರಿಗೆ ಇದು.

525ರ ಲೆಕ್ಕ

ಆ ಥರದ ಡಬ್ಬಿಯನ್ನು ನಾನೂ ಒಮ್ಮೆ ಕೊಂಡವನೇ. ಬಸ್ಸಿನಲ್ಲಿ ತೊಡೆ ಮೇಲೆ ಇಟ್ಟುಕೊಂಡು ತಂದಿದ್ದೆ. ಮೂರು ತಗಡಿನ ಕಾಲು, ಛತ್ರಿ ಕಡ್ಡಿಯಷ್ಟು ಸಪೂರ. ಫೋಕಸ್ ತಿರುಗಿಸಲು ಬೆರಳು ತಾಗಿಸಿದರೆ ಸಾಕು, ಗುರು ಎಡಕ್ಕೊಮ್ಮೆ ಬಲಕ್ಕೊಮ್ಮೆ ಜಿಗಿಯುತ್ತಿದ್ದ. ಕೈ ತೆಗೆದು ಐದಾರು ಸೆಕೆಂಡು ಉಸಿರು ಹಿಡಿದರೆ ನಿಲ್ಲುತ್ತಿದ್ದ. ಅಷ್ಟರಲ್ಲಿ ಭೂಮಿ ತಿರುಗಿ ಅವನು ಅಂಚಿಗೆ ಸರಿದಿರುತ್ತಿದ್ದ. ಎರಡು ತಿಂಗಳಿಗೆ ಡಬ್ಬಿ ಅಟ್ಟ ಸೇರಿತು. ಅಂಗಡಿಯವನಿಗೆ ಹೇಳಿದರೆ, "ಪವರ್ ಜಾಸ್ತಿ ಅದ ಅಲ್ರಿ, ಅದಕ್ಕ ಅಲಗಾಡ್ತದ" ಎಂದ. ಅರ್ಧ ಸತ್ಯ ಹೇಳಿದ, ಪಾಪ.

ಲೆಕ್ಕ ಸುಲಭ. ಫೋಕಲ್ ಲೆಂತ್ ಎಂದರೆ ಗಾಜು ಅಥವಾ ಕನ್ನಡಿಯಿಂದ ಬೆಳಕು ಒಂದು ಬಿಂದುವಿಗೆ ಕೂಡುವವರೆಗಿನ ದೂರ, ಐಪೀಸ್ ಎಂದರೆ ಕಣ್ಣಿಡುವ ಕಡೆಯ ಸಣ್ಣ ಮಸೂರ. ಟೆಲಿಸ್ಕೋಪಿನ ಫೋಕಲ್ ಲೆಂತನ್ನು ಐಪೀಸಿನ ಫೋಕಲ್ ಲೆಂತಿನಿಂದ ಭಾಗಿಸಿದರೆ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂಬುದು ಸಿಗುತ್ತದೆ. 700 ಎಂಎಂ ಕೊಳವೆಗೆ 4 ಎಂಎಂ ಐಪೀಸ್ ಹಾಕಿದರೆ 175. ಅದರ ನಡುವೆ ಬಾರ್ಲೋ ಎಂಬ, ಪಟ್ಟು ಹೆಚ್ಚಿಸುವ 3 ಪಟ್ಟಿನ ಲೆನ್ಸ್ ತುರುಕಿದರೆ 525. ಡಬ್ಬಿ ಮೇಲೆ ಬರೆದದ್ದು ಸುಳ್ಳಲ್ಲ. ಆದರೆ ಉಪಯೋಗಕ್ಕೆ ಬರುವ ಪಟ್ಟು ಎಷ್ಟು ಎಂಬುದನ್ನು ಹೇಳುವುದು ಟೆಲಿಸ್ಕೋಪಿನ ಬಾಯಿಯ ಅಗಲ. ಬಾಯಿ ಎಷ್ಟು ಎಂಎಂ ಇದೆಯೋ ಅದರ ಎರಡರಷ್ಟು ಪಟ್ಟು ಕೊನೆಯ ಮಿತಿ. 70 ಎಂಎಂ ಆದರೆ 140. ಅದರಾಚೆ ಹೋದರೆ ಚಿತ್ರ ದೊಡ್ಡದಾಗುತ್ತದೆ, ಮಂಕಾಗುತ್ತದೆ, ಹೊಸದೇನೂ ಕಾಣುವುದಿಲ್ಲ. ಹಿಡಿ ತೊಗರಿಬೇಳೆಗೆ ಕೊಡ ನೀರು ಸುರಿದ ಹಾಗೆ. ಪಾತ್ರೆ ತುಂಬುತ್ತದೆ, ಅಷ್ಟೇ.

ಇನ್ನೊಂದು ಮಾತು. ಅಷ್ಟೊಂದು ಪಟ್ಟು ಬೇಕಾಗುವುದೂ ಇಲ್ಲ. ಗುರು ಹತ್ತಿರ ಇರುವ ತಿಂಗಳುಗಳಲ್ಲಿ ಬರೀ 40 ಪಟ್ಟಿಗೆ, ಬರಿಗಣ್ಣಿಗೆ ಹುಣ್ಣಿಮೆ ಚಂದ್ರ ಕಾಣುವಷ್ಟೇ ದೊಡ್ಡದಾಗಿ ಕಾಣುತ್ತಾನೆ. ಹೊಸಬರು ಇದನ್ನು ನಂಬುವುದಿಲ್ಲ, ಯಾಕೆಂದರೆ ಕೊಳವೆಯ ಕಪ್ಪು ವೃತ್ತದೊಳಗೆ ಅವನು ಒಂಟಿ ಬಟಾಣಿಯಂತೆ ಕೂತಿರುತ್ತಾನೆ. 1610ರ ಜನವರಿ 7ರಂದು ಗೆಲಿಲಿಯೋ ಗುರುವಿನ ಚಂದ್ರರನ್ನು ಮೊದಲ ಸಲ ನೋಡಿದ್ದು ಸುಮಾರು 20 ಪಟ್ಟಿನ ಕೊಳವೆಯಲ್ಲಿ.

ನಮ್ಮ ಊರು, ನಮ್ಮ ಫರ್ಸಿ

ಟೆಲಿಸ್ಕೋಪು ಹೋಲಿಸುವ ಮೊದಲು ಎಲ್ಲಿ ನಿಂತು ನೋಡುತ್ತೇವೆ ಎಂಬುದು ಗೊತ್ತಿರಬೇಕು. ಒಳ್ಳೆ ಸುದ್ದಿ ಮೊದಲು. ಊರಿನ ಬೆಳಕು ಗ್ರಹಗಳನ್ನು ಕೆಡಿಸುವುದಿಲ್ಲ. ಕಲಬುರಗಿಯ ಸೂಪರ್ ಮಾರ್ಕೆಟ್ ಮಗ್ಗುಲಿನ ಮಾಳಿಗೆಯಿಂದಲೂ ಶನಿಯ ಉಂಗುರ ಕಾಣುತ್ತದೆ. ಮಸುಕು ನಿಹಾರಿಕೆ ಹುಡುಕುವವರು ಚಿಂಚೋಳಿ ಕಾಡಿನ ಕಡೆ ಹೋಗಲಿ, ನಮಗೆ ಮೆಟ್ಟಿಲು ಹತ್ತಿದರೆ ಸಾಕು.

ಎರಡನೇ ಒಳ್ಳೆ ಸುದ್ದಿ, ನಾವು 17 ಡಿಗ್ರಿ ಅಕ್ಷಾಂಶದಲ್ಲಿದ್ದೇವೆ. ಮೇ ಎರಡನೇ ವಾರದಲ್ಲಿ ಮತ್ತು ಆಗಸ್ಟ್ ಮೊದಲ ಭಾಗದಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆ ಬಂದು ಕಂಬದ ನೆರಳೇ ಮಾಯವಾಗುತ್ತದಲ್ಲ, ಗ್ರಹಗಳೂ ಹೆಚ್ಚುಕಡಿಮೆ ಅದೇ ದಾರಿಯಲ್ಲಿ ಬರುತ್ತವೆ. ಎತ್ತರದಲ್ಲಿದ್ದಷ್ಟೂ ನಡುವಿನ ಗಾಳಿ ಕಡಿಮೆ, ಚಿತ್ರ ಚೊಕ್ಕ. ಲಂಡನ್ನಿನವರಿಗೆ ಈ ಭಾಗ್ಯ ಇಲ್ಲ.

ಕೆಟ್ಟ ಸುದ್ದಿ ಕಾಲ ಕೆಳಗೇ ಇದೆ. ಶಹಾಬಾದ್ ಕಲ್ಲಿನ ಫರ್ಸಿ. ಏಪ್ರಿಲ್, ಮೇ ತಿಂಗಳಲ್ಲಿ ಹಗಲೆಲ್ಲ ಕಾದ ಫರ್ಸಿ ರಾತ್ರಿ ಹನ್ನೊಂದಾದರೂ ಕಾವು ಬಿಡುತ್ತಿರುತ್ತದೆ. ಕಾದ ಹಂಚಿನ ಆಚೆಗಿನ ಗೋಡೆ ನಡುಗಿದಂತೆ ಕಾಣುವುದಿಲ್ಲವೇ, ಹಾಗೇ ಗುರುವಿನ ಅಂಚು ಕುದಿಯುತ್ತದೆ. ಎಂಥ ದುಬಾರಿ ಗಾಜು ಹಾಕಿದರೂ ಇದಕ್ಕೆ ಮದ್ದಿಲ್ಲ. ಯಾದಗಿರಿಯ ಬಂಡೆಗುಡ್ಡದ ಬುಡದಲ್ಲಿರುವವರಿಗೂ ಇದೇ ಪಾಡು. ಬೀದರ್ ಎತ್ತರದಲ್ಲಿದೆ, ಅವರಿಗೆ ಸ್ವಲ್ಪ ತಂಪು. ಬೇಸಿಗೆಯಲ್ಲಿ ನಾವು ಮಾಳಿಗೆ ಮೇಲೆ ಮಲಗುವವರೇ ಅಲ್ವಾ. ಮಲಗುವ ಮೊದಲು ನೀರು ಚಿಮುಕಿಸುತ್ತೇವೆ, ಅದು ಟೆಲಿಸ್ಕೋಪಿಗೂ ತುಸು ಒಳ್ಳೆಯದೇ. ನಿಜವಾದ ಉಪಾಯ ಬೇರೆ. ಬೆಳ್ಳಿ ಮೂಡುವ ಹೊತ್ತಿಗೆ ಎದ್ದು ನೋಡಿ. ನಾಲ್ಕು ಗಂಟೆಗೆ ಕಲ್ಲು ಆರಿರುತ್ತದೆ.

ಈ ಕಾವಿನಿಂದ ಹೋಲಿಕೆಯೇ ತಿರುಗಿಬೀಳುತ್ತದೆ. ದೊಡ್ಡ ಬಾಯಿಯ ಟೆಲಿಸ್ಕೋಪಿಗೆ ನಡುಗುವ ಗಾಳಿ ಜಾಸ್ತಿ ಪೆಟ್ಟು ಕೊಡುತ್ತದೆ. ಮೇ ತಿಂಗಳ ರಾತ್ರಿ ಒಂಬತ್ತಕ್ಕೆ ನನ್ನ 70 ಎಂಎಂ ಮತ್ತು ಗೆಳೆಯನ 130 ಎಂಎಂ ಪಕ್ಕಪಕ್ಕ ಇಟ್ಟಾಗ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಗೆಳೆಯ ಮುಖ ಸಣ್ಣದು ಮಾಡಿಕೊಂಡ. ಅದೇ ಎರಡನ್ನು ಡಿಸೆಂಬರಿನ ಒಂದು ರಾತ್ರಿ ಇಟ್ಟೆವು. ಈ ಸಲ ಮುಖ ಸಣ್ಣದಾದದ್ದು ನನ್ನದು.

70 ಎಂಎಂ ಮಸೂರವೋ, 130 ಎಂಎಂ ಕನ್ನಡಿಯೋ?

ಮೊದಲ ಟೆಲಿಸ್ಕೋಪು ಕೊಳ್ಳುವವರ ನಿಜವಾದ ಗೊಂದಲ ಇವೆರಡರ ನಡುವೆ.

70 ಎಂಎಂ ರಿಫ್ರ್ಯಾಕ್ಟರ್ ಎಂದರೆ ಮುಂದೆ ಗಾಜು, ಹಿಂದೆ ಕಣ್ಣು. ನಮ್ಮ ಅಜ್ಜಂದಿರು ದುರ್ಬೀನು ಎನ್ನುತ್ತಿದ್ದದ್ದು ಇದನ್ನೇ. ಅಂದಹಾಗೆ ನಮ್ಮ ಭಾಗಕ್ಕೆ ದುರ್ಬೀನು ಹೊಸದೇನಲ್ಲ. ಕಲಬುರಗಿ ಇನ್ನೂ ನಿಜಾಮರ ಹೈದರಾಬಾದ್ ರಾಜ್ಯದಲ್ಲಿದ್ದಾಗ, 1901ರಲ್ಲಿ, ನವಾಬ್ ಜಫರ್ ಜಂಗ್ ಗ್ರಬ್ ಕಂಪನಿಯ 15 ಇಂಚಿನ ದುರ್ಬೀನು ತರಿಸಿ ಹೈದರಾಬಾದಿನಲ್ಲಿ ವೀಕ್ಷಣಾಲಯ ಶುರು ಮಾಡಿದ್ದರು. ಅದೇ ಮುಂದೆ ನಿಜಾಮಿಯಾ ಆಯಿತು. ನಮ್ಮ 70 ಎಂಎಂ ಎಂದರೆ ಮೂರು ಇಂಚೂ ಇಲ್ಲ.

ಆದರೂ ಅದರಲ್ಲಿ ಕಾಣುವುದು ಕಡಿಮೆಯೇನಲ್ಲ. ಚಂದ್ರನ ಮೇಲೆ ಐದಾರು ಕಿಲೋಮೀಟರಿನ ಕುಳಿಗಳವರೆಗೆ ಕಾಣುತ್ತದೆ. ಗುರುವಿನ ನಾಲ್ಕು ಚಂದ್ರರು, ಹೊಟ್ಟೆ ಮೇಲೆ ಎರಡು ಕಂದು ಪಟ್ಟೆ. ಶುಕ್ರನ ಕಲೆ, ಅಂದರೆ ಬೆಳ್ಳಿಚುಕ್ಕಿಯೂ ಚಂದ್ರನಂತೆ ಅರ್ಧವಾಗುವುದು, ಕುಡುಗೋಲಾಗುವುದು. ಶನಿಯ ಉಂಗುರ, ಜೊತೆಗೆ ಟೈಟಾನ್ ಎಂಬ ಅದರ ದೊಡ್ಡ ಚಂದ್ರ. ಇದನ್ನು ಹೈಗನ್ಸ್ 1655ರಲ್ಲಿ ಕಂಡುಹಿಡಿದದ್ದು. ಕೊಳವೆಯನ್ನು ಹೊರಗಿಟ್ಟ ಹತ್ತು ನಿಮಿಷಕ್ಕೆ ನೋಡಲು ಶುರುಮಾಡಬಹುದು. ತಿರುಪು, ಹೊಂದಿಸುವಿಕೆ ಏನೂ ಇಲ್ಲ. ಪ್ರಕಾಶಮಾನ ಗ್ರಹದ ಅಂಚಿಗೆ ಸ್ವಲ್ಪ ನೇರಳೆ ಬಣ್ಣ ಹಬ್ಬುತ್ತದೆ. ಅದು ಅಗ್ಗದ ಮಸೂರದ ಗುಣ, ಕೆಟ್ಟಿದೆ ಎಂದು ವಾಪಸ್ ಕಳಿಸಬೇಡಿ.

ನಮ್ಮವ್ವ ಶನಿವಾರ ತಪ್ಪದೆ ಹನುಮಪ್ಪನ ಗುಡಿಗೆ ಎಣ್ಣೆ ಒಯ್ಯುವವಳು. ಉಂಗುರ ಅಗಲವಾಗಿದ್ದ ಒಂದು ವರ್ಷ, ಇದೇ 70ರಲ್ಲಿ ಶನಿ ತೋರಿಸಲು ಕರೆದೆ. ಬರಲು ಒಲ್ಲೆ ಎಂದಳು. ಪಕ್ಕದ ಮನೆ ಕಾಕು ಮೊದಲು ನೋಡಿ "ಬಾರವ್ವ, ಏನೂ ಆಗಂಗಿಲ್ಲ" ಎಂದ ಮೇಲೆ ಸೆರಗು ಸರಿಮಾಡಿಕೊಂಡು ಬಗ್ಗಿದಳು. ಬಹಳ ಹೊತ್ತು ಮಾತಿಲ್ಲ. ಆಮೇಲೆ, "ಇಷ್ಟ್ ಛಂದ ಅದಾನ. ಇವಗ್ಯಾಕ ಅಂಜತಿದ್ವಿ?" ಎಂದಳು. ಅವಳ ಬೆರಳು ತಾಗಿದರೂ ಕೊಳವೆ ಅಲ್ಲಾಡಲಿಲ್ಲ, ಯಾಕೆಂದರೆ ಅಷ್ಟೊತ್ತಿಗೆ ನಾನು ತಗಡಿನ ಕಾಲು ಬಿಸಾಡಿ ಗಟ್ಟಿ ಸ್ಟ್ಯಾಂಡು ಮಾಡಿಸಿದ್ದೆ.

130 ಎಂಎಂ ಕನ್ನಡಿಯದು ಬೇರೆ ಜಾತಿ. ಕೊಳವೆಯ ತಳದಲ್ಲಿ ಕನ್ನಡಿ, ಐಪೀಸ್ ಮೇಲ್ಗಡೆ ಬದಿಯಲ್ಲಿ. ಟೇಬಲ್ ಮೇಲಿಡುವ ಡಾಬ್ಸೋನಿಯನ್ ಎಂದು ಮಾರುತ್ತಾರೆ. ಕಾಲುಗಳೇ ಇಲ್ಲ, ಮರದ ತಿರುಗುಮಣೆ ಇದೆ. ಅದೇ ಇದರ ದೊಡ್ಡಸ್ತಿಕೆ. ದುಡ್ಡು ಸ್ಟ್ಯಾಂಡಿಗೆ ಹೋಗದೆ ಕನ್ನಡಿಗೆ ಹೋಗಿರುತ್ತದೆ. 70ಕ್ಕಿಂತ ಸುಮಾರು ಮೂರೂವರೆ ಪಟ್ಟು ಬೆಳಕು ಹಿಡಿಯುತ್ತದೆ. ಗಾಳಿ ಶಾಂತವಾಗಿದ್ದರೆ ಗುರುವಿನ ಕೆಂಪು ಚುಕ್ಕೆ, ಚಂದ್ರನೊಂದು ಗುರುವಿನ ಮೇಲೆ ಬೀಳಿಸುವ ಸೂಜಿಮೊನೆಯಷ್ಟು ಕರಿ ನೆರಳು, ಶನಿಯ ಉಂಗುರದ ನಡುವಿನ ಕಸೀನಿ ಬಿರುಕು, ಟೈಟಾನ್ ಬಿಟ್ಟು ರಿಯಾ ಮತ್ತೆ ಇನ್ನೊಂದೆರಡು ಚಂದ್ರರು ಸಿಗುತ್ತಾರೆ. 70ರಲ್ಲಿ ಗುರು ಚಿತ್ರವಾದರೆ 130ರಲ್ಲಿ ಜಾಗ.

ತೊಂದರೆಯೂ ಇದೆ. ಕೋಣೆಯಿಂದ ತಂದ ಕನ್ನಡಿ ಹೊರಗಿನ ಗಾಳಿಗೆ ಹೊಂದಿಕೊಳ್ಳಲು ಅರ್ಧ ತಾಸಾದರೂ ಬೇಕು. ಕನ್ನಡಿಗಳು ಆಗಾಗ ಸಾಲು ತಪ್ಪುತ್ತವೆ, ತಿರುಪು ತಿರುಗಿಸಿ ಹೊಂದಿಸುವುದನ್ನು ಕಲಿಯಬೇಕು. ಮತ್ತೆ, ಟೇಬಲ್ ಮೇಲೆ ಎನ್ನುತ್ತಾರಲ್ಲ, ಆ ಟೇಬಲ್ ಎಲ್ಲಿ? ಪ್ಲಾಸ್ಟಿಕ್ ಸ್ಟೂಲ್ ಮೇಲಿಟ್ಟರೆ ಮತ್ತೆ ತಗಡಿನ ಕಾಲಿನ ಕಥೆಯೇ. ಗೆಳೆಯ ಮಾಳಿಗೆ ಮೂಲೆಯಲ್ಲಿ ಸಿಮೆಂಟ್ ಬ್ಲಾಕ್ ಪೇರಿಸಿ ಮೇಲೊಂದು ಫರ್ಸಿ ತುಂಡು ಹಾಸಿದ್ದಾನೆ. ಖರ್ಚು ಶೂನ್ಯ, ಆನೆ ತುಳಿದರೂ ಅಲ್ಲಾಡದು.

ನನ್ನ ತೀರ್ಮಾನ ಕೇಳಿದರೆ: ಮನೆಯಲ್ಲಿ ಹನ್ನೆರಡು ದಾಟಿದವರು ನೋಡುವುದಾದರೆ, ದುಡ್ಡು ಸ್ವಲ್ಪ ಹೊಂದಿಸಬಲ್ಲಿರಾದರೆ, 130. ಸಣ್ಣ ಮಕ್ಕಳು, ವಯಸ್ಸಾದವರು, ತಿರುಪಿನ ಗೊಡವೆ ಬೇಡ ಎನ್ನುವವರಿದ್ದರೆ 70. ಆದರೆ 70 ಕೊಳ್ಳುವಾಗ ಕೊಳವೆ ನೋಡಬೇಡಿ, ಕಾಲು ನೋಡಿ. ಅಂಗಡಿಯಲ್ಲೇ ಮೆಲ್ಲಗೆ ಒಂದು ಏಟು ಹಾಕಿ. ಎರಡು ಸೆಕೆಂಡಿನೊಳಗೆ ನಡುಕ ನಿಲ್ಲದಿದ್ದರೆ ಬಿಟ್ಟು ಬನ್ನಿ.

ಕೊಳ್ಳಬಾರದ್ದು ಒಂದು

114 ಎಂಎಂ ಕನ್ನಡಿ, 1000 ಎಂಎಂ ಫೋಕಲ್ ಲೆಂತ್ ಎಂದು ಬರೆದಿರುತ್ತದೆ. ಕೊಳವೆ ನೋಡಿದರೆ ಅರ್ಧ ಮೀಟರೂ ಇಲ್ಲ. ಹಾಗಿದ್ದರೆ ಫೋಕಸ್ ಕೊಳವೆಯೊಳಗೆ ಒಂದು ಅಗ್ಗದ ಲೆನ್ಸ್ ಅಡಗಿಸಿ ಉದ್ದ ಹೆಚ್ಚಿಸಿದ್ದಾರೆ ಎಂದರ್ಥ. ಹೊಂದಿಸುವುದು ತಲೆನೋವು, ಚಿತ್ರ ಯಾವಾಗಲೂ ಮೆತ್ತಗೆ.

ಅದರ ಜೊತೆ ಬರುವ ಇಕ್ವಟೋರಿಯಲ್ ಸ್ಟ್ಯಾಂಡು ನಮ್ಮೂರಿಗೆ ಇನ್ನೂ ಕಷ್ಟ. ಅದರ ಒಂದು ಅಚ್ಚನ್ನು ಧ್ರುವ ನಕ್ಷತ್ರದ ಕಡೆ ತಿರುಗಿಸಿಡಬೇಕು. ಕಲಬುರಗಿಯಲ್ಲಿ ಧ್ರುವ ಇರುವುದು ದಿಗಂತದಿಂದ ಬರೀ 17 ಡಿಗ್ರಿ ಮೇಲೆ. ಉತ್ತರಕ್ಕೆ ಎದುರು ಮನೆಯವರು ಇನ್ನೊಂದು ಅಂತಸ್ತು ಎಬ್ಬಿಸಿದರೆ ಮುಗಿಯಿತು. ಅಷ್ಟು ಕೆಳಗೆ ಬಾಗಿಸಿದರೆ ಅಗ್ಗದ ಸ್ಟ್ಯಾಂಡುಗಳಲ್ಲಿ ಸಮತೂಕದ ಗುಂಡು ಕಾಲಿಗೇ ಬಡಿಯುತ್ತದೆ. ಯುರೋಪಿನವರಿಗೆ ಮಾಡಿದ್ದು ಅದು. ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಅಷ್ಟೇ ತಿರುಗುವ ಸಾದಾ ಸ್ಟ್ಯಾಂಡು ನಮಗೆ ಹಿತ. ಗ್ರಹ ಸರಿದು ಹೋಗುತ್ತದೆ ನಿಜ. 150 ಪಟ್ಟಿನಲ್ಲಿ ಸಾಧಾರಣ ಐಪೀಸ್ ಇದ್ದರೆ ಈ ಅಂಚಿನಿಂದ ಆ ಅಂಚಿಗೆ ಸುಮಾರು 80 ಸೆಕೆಂಡು. ಬೆರಳಲ್ಲಿ ತುಸು ತಳ್ಳಿದರಾಯಿತು. ಒಂದು ವಾರದಲ್ಲಿ ಕೈಗೆ ರೂಢಿಯಾಗುತ್ತದೆ.

ಇನ್ನೆರಡು ದಾರಿ

90 ಎಂಎಂ ಮ್ಯಾಕ್ಸುಟೋವ್ ನನಗೆ ಇಷ್ಟ. ಮುಂದೆ ಗಾಜು, ಹಿಂದೆ ಕನ್ನಡಿ ಎರಡೂ ಇರುವ ಗಿಡ್ಡ ಡಬ್ಬಿ, ಒಳಗೆ 1250 ಎಂಎಂ ಫೋಕಲ್ ಲೆಂತ್ ಮಡಚಿಟ್ಟಿರುತ್ತಾರೆ. 10 ಎಂಎಂ ಐಪೀಸಿಗೇ 125 ಪಟ್ಟು. ಬಣ್ಣ ಹಬ್ಬುವುದಿಲ್ಲ, ಚಂದ್ರ ಉಕ್ಕಿನಲ್ಲಿ ಕೆತ್ತಿದಂತೆ ಕಾಣುತ್ತಾನೆ. ಎಳ್ಳಮಾವಾಸ್ಯೆಗೆ ಮನೆಮಂದಿಯೆಲ್ಲ ಹೊಲಕ್ಕೆ ಹೋಗುತ್ತೇವಲ್ಲ, ಬಜ್ಜಿ ರೊಟ್ಟಿ ಬುತ್ತಿಯ ಪಕ್ಕ ಬೈಕಿನ ಮೇಲೆ ಇದನ್ನೂ ಕಟ್ಟಿಕೊಂಡು ಹೋಗಬಹುದು. 130ಕ್ಕೆ ಕೊಡುವಷ್ಟೇ, ಕೆಲವೊಮ್ಮೆ ಜಾಸ್ತಿ ಕೊಟ್ಟು ಕಡಿಮೆ ಬೆಳಕು ಕೊಳ್ಳುತ್ತೀರಿ. ನೋಟದ ಹರವೂ ಕಿರಿದು, ಗ್ರಹ ಹುಡುಕಲು ಫೈಂಡರ್, ಅಂದರೆ ಕೊಳವೆ ಮೇಲಿನ ಗುರಿ ಹಿಡಿಯುವ ಸಾಧನ, ಸರಿಯಾಗಿರಲೇಬೇಕು. ಬಾಡಿಗೆ ಮನೆಯಲ್ಲಿ, ವರ್ಷಕ್ಕೊಮ್ಮೆ ವರ್ಗವಾಗುವ ನೌಕರಿಯಲ್ಲಿ ಇರುವವರು ಇದನ್ನೇ ನೋಡಲಿ.

150 ಎಂಎಂ ಡಾಬ್ಸೋನಿಯನ್ ನೆಲದ ಮೇಲೇ ನಿಲ್ಲುವಷ್ಟು ದೊಡ್ಡದು, ಕೊಳವೆ 1200 ಎಂಎಂ ಉದ್ದ. 1781ರಲ್ಲಿ ವಿಲಿಯಂ ಹರ್ಷೆಲ್ ತನ್ನ ಮನೆಯ ಹಿತ್ತಲಲ್ಲಿ ಯುರೇನಸ್ ಕಂಡದ್ದು 6.2 ಇಂಚಿನ ಕನ್ನಡಿಯಲ್ಲಿ. ಇದು ಹತ್ತಿರಹತ್ತಿರ ಅಷ್ಟೇ. ಗ್ರಹಕ್ಕೆ ಇದಕ್ಕಿಂತ ಒಳ್ಳೆಯದನ್ನು ಮನೆಯಲ್ಲಿಟ್ಟುಕೊಳ್ಳುವುದು ಕಷ್ಟ. ಆದರೆ ಎಲ್ಲ ಸೇರಿ ಹದಿನೈದು ಕೆಜಿ ದಾಟುತ್ತದೆ. ನಮ್ಮ ಹಳೇ ಮನೆಗಳ ಮೆಟ್ಟಿಲು ಗೊತ್ತಲ್ಲ, ಒಬ್ಬ ಮನುಷ್ಯ ಅಡ್ಡಡ್ಡ ಹತ್ತಬೇಕು. ಊಟವಾದ ಮೇಲೆ ಒಂದೇ ಸಲಕ್ಕೆ, ಯಾರನ್ನೂ ಕರೆಯದೆ ಮೇಲೆ ಒಯ್ಯಬಲ್ಲಿರಾ? ಒಯ್ಯಲಾಗದ 150ಕ್ಕಿಂತ ಒಯ್ಯುವ 70 ಮೇಲು. ಮಾಳಿಗೆ ಮೇಲೊಂದು ಬೀಗದ ಕೋಣೆ ಇದ್ದರೆ ಈ ಮಾತು ಹಿಂದೆಗೆದುಕೊಳ್ಳುತ್ತೇನೆ, ಕಣ್ಣುಮುಚ್ಚಿ 150 ತೊಗೊಳ್ಳಿ.

ದುಡ್ಡೇ ಇಲ್ಲದಿದ್ದರೆ 10x50 ಬೈನಾಕ್ಯುಲರ್, ಅಂದರೆ 10 ಪಟ್ಟು, 50 ಎಂಎಂ ಬಾಯಿ. ಮೊಣಕೈಗಳನ್ನು ಕಟ್ಟೆಗೆ ಊರಿ ನೋಡಿದರೆ ಗುರುವಿನ ಚಂದ್ರರು ಕಾಣುತ್ತಾರೆ. ಶನಿಯ ಉಂಗುರ ಕಾಣುವುದಿಲ್ಲ.

ಕೊಂಡ ಮೇಲೆ

ಡಬ್ಬಿಯಲ್ಲಿ ಐಪೀಸಿಗೆ ಸಿಕ್ಕಿಸುವ ಸಣ್ಣ ಕರಿ ಸೂರ್ಯ ಫಿಲ್ಟರ್ ಇದ್ದರೆ ಅವತ್ತೇ ಕಲ್ಲಿನಿಂದ ಜಜ್ಜಿ ಬಿಸಾಡಿ. ಕಾವಿಗೆ ಅದು ಫಟ್ ಎಂದು ಸೀಳಬಹುದು, ಕಣ್ಣು ಹೋದರೆ ಬರುವುದಿಲ್ಲ. ಹಗಲು ಮಕ್ಕಳ ಕೈಗೆ ಟೆಲಿಸ್ಕೋಪು ಕೊಡಬೇಡಿ. 3 ಪಟ್ಟಿನ ಬಾರ್ಲೋ, 4 ಎಂಎಂ ಐಪೀಸ್ ಇದ್ದರೆ ಪಕ್ಕಕ್ಕಿಡಿ. ಒಂದು ಒಳ್ಳೆ ಐಪೀಸ್ ಬೇರೆಯಾಗಿ ಕೊಂಡರೆ ಅದೇ ಟೆಲಿಸ್ಕೋಪು ಹೊಸದಾದಂತೆ ಆಗುತ್ತದೆ. 70 ಎಂಎಂ ಬಾಯಿಯ, 700 ಫೋಕಲ್ ಲೆಂತಿನ ಕೊಳವೆಗೆ 6 ಅಥವಾ 7 ಎಂಎಂ, 130ರ ಡಾಬ್ಸೋನಿಯನ್ನಿಗೆ 5 ಎಂಎಂ ಆಸುಪಾಸಿನದು.

ತೊಗರಿ ರಾಶಿ ಮಾಡುವ ದಿನಗಳ ಧೂಳು ನಿಮಗೆ ಗೊತ್ತೇ ಇದೆ. ಮುಚ್ಚಳ ಹಾಕಿಡಿ. ಕನ್ನಡಿ ಮೇಲೆ ಧೂಳು ಕೂತರೆ ಲುಂಗಿ ಚುಂಗಿನಿಂದ ಒರೆಸಬೇಡಿ, ಗೀರು ಬೀಳುತ್ತದೆ. ಸ್ವಲ್ಪ ಧೂಳು ಇದ್ದರೆ ಏನೂ ಕೆಡುವುದಿಲ್ಲ. ಮಳೆಗಾಲದ ಮೂರ್ನಾಲ್ಕು ತಿಂಗಳು ಸಿಲಿಕಾ ಜೆಲ್ ಪೊಟ್ಟಣ ಹಾಕಿ ಒಳಗಿಟ್ಟುಬಿಡಿ, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ.

ಚಂದ್ರನನ್ನು ಹುಣ್ಣಿಮೆಗೆ ನೋಡಬೇಡಿ. ಅಮಾವಾಸ್ಯೆ ಕಳೆದು ಏಳೆಂಟು ದಿನಕ್ಕೆ ನೋಡಿ, ಬೆಳಕು ಕತ್ತಲೆಯ ಗಡಿಯಲ್ಲಿ ನೆರಳು ಉದ್ದ ಬಿದ್ದು ಗುಡ್ಡ ಎದ್ದು ನಿಲ್ಲುತ್ತದೆ. ಮರುದಿನ ಅಥವಾ ಅದರ ಮಾರನೇ ದಿನ 93 ಕಿಲೋಮೀಟರ್ ಅಗಲದ ಕೋಪರ್ನಿಕಸ್ ಕುಳಿಗೆ ಬಿಸಿಲು ಹತ್ತುವುದನ್ನು ನೋಡಬಹುದು.

ಶನಿಯ ವಿಷಯದಲ್ಲಿ ಸ್ವಲ್ಪ ತಾಳ್ಮೆ ಬೇಕು. 2025ರ ಮಾರ್ಚಿನಲ್ಲಿ ಉಂಗುರ ನಮಗೆ ಬರೀ ಅಂಚು ತೋರಿಸಿತ್ತು. ಆಮೇಲಿನ ಒಂದೆರಡು ವರ್ಷ ತೆಳು ಗೀಟಿನಂತೆ ಕಂಡು, 2032ರ ಹೊತ್ತಿಗೆ ಪೂರ್ತಿ ತೆರೆದುಕೊಳ್ಳುತ್ತದೆ. ಗೀಟಿನಂತಿರುವಾಗ ಕಸೀನಿ ಬಿರುಕು ಕಾಣಲಿಲ್ಲ ಎಂದು ಟೆಲಿಸ್ಕೋಪಿಗೆ ಬಯ್ಯಬೇಡಿ. ಮಂಗಳ ಸುಮಾರು 26 ತಿಂಗಳಿಗೊಮ್ಮೆ ಹತ್ತಿರ ಬರುತ್ತಾನೆ. 2027ರ ಫೆಬ್ರವರಿಯ ಸರದಿ ಸಣ್ಣದು, 130ರಲ್ಲಿ ಅವನ ಧ್ರುವದ ಹಿಮದ ಬಿಳಿ ಟೊಪ್ಪಿಗೆ ಸಿಕ್ಕರೆ ಪುಣ್ಯ. ಉಳಿದ ತಿಂಗಳಲ್ಲಿ ಅವನು ಕೆಂಪು ಸಾಸಿವೆ. ಅವನ ಎರಡು ಚಂದ್ರರು ಈ ಯಾವ ಟೆಲಿಸ್ಕೋಪಿನಲ್ಲೂ ಕಾಣುವುದಿಲ್ಲ.

ಅಳಿಯ ಕೊನೆಗೆ 130 ತೊಗೊಂಡ. ಫರ್ಸಿ ತುಂಡಿಗೆ ಸೇಡಂನಲ್ಲೇನು ಬರವೇ. ಮೊನ್ನೆ ರಾತ್ರಿ ಒಂಬತ್ತೂವರೆಗೆ ಫೋನ್ ಬಂತು.

"ಮಾಮಾ, ಗುರುನ ಬಾಜು ಮೂರೇ ಚುಕ್ಕಿ ಅವ. ನಾಕನೇದು ಎಲ್ಲಿ ಹೋತು?"

"ಅವನ ಹಿಂದ ಹೋಗಿರಬೇಕು, ಇಲ್ಲಾ ಮುಂದ ದಾಟ್ತಿರಬೇಕು. ಇಳಿದು ಹೋಗಬ್ಯಾಡ, ನಿಂದ್ರು."

ಹನ್ನೊಂದಕ್ಕೆ ಮತ್ತೆ ಫೋನ್. ಗುರುವಿನ ಅಂಚಿನಲ್ಲಿ ಮೊದಲು ಗುಳ್ಳೆಯಂತೆ ಉಬ್ಬಿತಂತೆ, ಆಮೇಲೆ ಕಳಚಿಕೊಂಡಿತಂತೆ. ತಂಗಿಯೂ ಮಾಳಿಗೆ ಮೇಲೇ ಇದ್ದಳು ಎಂದು ಕಾಣುತ್ತದೆ, "ನಂಗೊಮ್ಮಿ ತೋರ್ಸೋ" ಎನ್ನುವುದು ಫೋನಿನಲ್ಲಿ ಕೇಳುತ್ತಿತ್ತು.